ಚಳಿಯಿಲ್ಲದ ಊರಿನ ಕೋಲ್ಡ್ ಸ್ಟಾರ್ಟ್

ಅಂಕೋಲೆಯ ಸುತ್ತಮುತ್ತ ಜನವರಿಯ ಬೆಳಗಿನಲ್ಲೂ ಉಷ್ಣಾಂಶ ಹದಿನೈದು ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಹೀಗಿರುವಾಗ ಬಾಳೆಗುಳಿಯ ಅಂಗಳದಲ್ಲಿ ನಿಂತ ಹಳೆಯ ಅಂಬಾಸಡರ್ ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಹಿಡಿಯದಿದ್ದರೆ ತಪ್ಪನ್ನು ಚಳಿಯ ಮೇಲೆ ಹಾಕುವಂತಿಲ್ಲ. ಆ ಕಾರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಅದರ ರಿಪೇರಿ ಪುಸ್ತಕ ಬರೆದವರ ಕಣ್ಣಮುಂದೆ ಇದ್ದದ್ದು ಮಂಜುಗಡ್ಡೆ ಕಟ್ಟುವ ಬೆಳಗು. ನಮ್ಮಲ್ಲಿರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ, ಮಳೆ ನಿಂತ ಮೇಲೂ ಬಿಡದ ತೇವ, ಪಡುವಣದಿಂದ ಬೀಸುವ ಉಪ್ಪುಗಾಳಿ. ರೋಗದ ಹೆಸರು ಎರಡೂ ಕಡೆ ಒಂದೇ ಇರಬಹುದು, ಕಾರಣ ಬೇರೆ. ಇಂಗ್ಲಿಷ್ ಪುಸ್ತಕ ಹೇಳಿದ ಅನುಕ್ರಮದಲ್ಲೇ ಹುಡುಕಾಟ ಶುರುಮಾಡಿದರೆ ನಾಲ್ಕು ದಿನ ಕಾರ್ಬುರೇಟರ್ ಬಿಚ್ಚಿ ಕಟ್ಟುವುದರಲ್ಲೇ ಕಳೆದುಹೋಗುತ್ತದೆ.

ನಮ್ಮ ಕರಾವಳಿಯ ಹಳೇ ಕಾರುಗಳ ಮಟ್ಟಿಗೆ ಕಾರ್ಬುರೇಟರ್ ಕೊನೆಯ ಆರೋಪಿ. ಆದರೆ ಬಾನೆಟ್ ಎತ್ತಿದ ಕೂಡಲೇ ಸ್ಕ್ರೂಡ್ರೈವರ್ ಹೋಗುವುದು ಅಲ್ಲಿಗೇ. 'ಕಾರ್ಬೋರೇಟರ್ ಕ್ಲೀನ್ ಮಾಡ್ಬೇಕು ಮಾರಾಯ್ರೇ' ಎನ್ನುವ ತೀರ್ಪು ಹೊರಬೀಳಲು ಅರೆನಿಮಿಷವೂ ಬೇಡ.

ಹೊರಗಿನವರಿಗೆ ಬಾಳೆಗುಳಿ ಎಂದರೆ ಒಂದು ಕ್ರಾಸ್. ಪನವೇಲಿನಿಂದ ಕನ್ಯಾಕುಮಾರಿಗೆ ಹೋಗುವ ಹೆದ್ದಾರಿ 66ಕ್ಕೆ ಹುಬ್ಬಳ್ಳಿಯ ಕಡೆಯಿಂದ ಇಳಿದುಬರುವ ಹೆದ್ದಾರಿ 52 ಸೇರುವ ಜಾಗ. ಹಿರಿಯ ಚಾಲಕರ ಬಾಯಲ್ಲಿ ಇವು ಇನ್ನೂ ಹದಿನೇಳು ಮತ್ತು ಅರವತ್ಮೂರು. ಬಳ್ಳಾರಿ ಕಡೆಯ ಅದಿರು ಬೇಲೆಕೇರಿ ಬಂದರಿಗೆ ಹರಿದ ವರ್ಷಗಳಲ್ಲಿ ಈ ತಿರುವು ಹಗಲೂ ರಾತ್ರಿ ಲಾರಿಗಳದ್ದೇ ಆಗಿತ್ತು. ಇಂಥ ದಾರಿಯ ಬದಿಯಲ್ಲಿ ಡೀಸೆಲ್ ಪಂಪು, ನೋಜಲ್, ಕ್ಲಚ್ ಪ್ಲೇಟ್ ಬಲ್ಲವರು ಸಿಗುವಷ್ಟು ಸುಲಭವಾಗಿ ಪಾಯಿಂಟ್ ಗ್ಯಾಪ್ ಬಲ್ಲವರು ಸಿಗುವುದಿಲ್ಲ. ಇದ್ದವರಿಗೆ ವಯಸ್ಸಾಗಿದೆ, ಅವರ ಕೈಕೆಳಗೆ ಕಲಿತ ಹುಡುಗರು ಸ್ಕ್ಯಾನರ್ ಹಿಡಿದಿದ್ದಾರೆ. ಸ್ಕ್ಯಾನರ್ ಚುಚ್ಚಲು ಈ ಕಾರುಗಳಲ್ಲಿ ಸಾಕೆಟ್ಟೇ ಇಲ್ಲ.

ಯಾವ ಕಾರುಗಳು? ಇಲ್ಲಿ ಕೈಬದಲಾಗುವ 'ಕ್ಲಾಸಿಕ್'ಗಳ ವಂಶಾವಳಿ ಚಿಕ್ಕದು. ಉತ್ತರಪಾರಾದ ಹಿಂದುಸ್ಥಾನ್ ಮೋಟರ್ಸ್ 1957ರಿಂದ 2014ರ ಮೇ ತಿಂಗಳವರೆಗೆ ತಯಾರಿಸಿದ ಅಂಬಾಸಡರ್. ಅದರ ಬಹುಕಾಲದ ಪೆಟ್ರೋಲ್ ಇಂಜಿನ್ 1489 ಸಿಸಿಯದು. ಮುಂಬಯಿಯ ಪ್ರೀಮಿಯರ್ ಕಂಪನಿಯ 1089 ಸಿಸಿಯ ಫಿಯಟ್, ಅಂದರೆ ಆಮೇಲಿನ ಪದ್ಮಿನಿ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಕಾರ್ಬುರೇಟರ್ ಕಾಲದ ಗಾಡಿಗಳು ಈಗ ಇದೇ ಸಾಲಿಗೆ ಸೇರಿವೆ. ಕಾಂಟೆಸಾ, ಸ್ಟ್ಯಾಂಡರ್ಡ್ ಹೆರಾಲ್ಡ್ ಅಲ್ಲೊಂದು ಇಲ್ಲೊಂದು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿದಾಗ ಪತ್ರಿಕೆಗಳೆಲ್ಲ ಕಣ್ಣೀರಿಟ್ಟವು. ಅದಾದ ಮೇಲೆ ಖಾಸಗಿ ಪದ್ಮಿನಿಗಳಿಗೆ ಹೇಳುವ ರೇಟೂ ಬೇರೆಯಾಯಿತು. ಅಜ್ಜನ ಕಾಲದ್ದೊಂದು ಬೇಕೆಂಬ ಆಸೆ, ಕೊಂಡ ಮೊದಲ ಮಳೆಗಾಲದಲ್ಲೇ ಪರೀಕ್ಷೆಗೆ ನಿಲ್ಲುತ್ತದೆ.

ಸ್ಟಾರ್ಟ್ ಆಗದ ಕಾರಿಗೆ ಕೇಳಬೇಕಾದ ಮೊದಲ ಪ್ರಶ್ನೆ: ಸೆಲ್ಫ್ ಹೇಗೆ ತಿರುಗುತ್ತಿದೆ? ಹನ್ನೆರಡು ವೋಲ್ಟಿನ ಬ್ಯಾಟರಿ ಸೆಲ್ಫ್ ಹೊಡೆಯುವಾಗ ಸುಮಾರು 9.6 ವೋಲ್ಟಿಗಿಂತ ಕೆಳಗಿಳಿದರೆ, ಇಂಜಿನ್ ತಿರುಗುವಂತೆ ಕಂಡರೂ ಕಾಯಿಲಿಗೆ ಉಳಿಯುವ ಕರೆಂಟು ಕಿಡಿಗೆ ಸಾಲದು. ಹೊಸ ಬ್ಯಾಟರಿ ಹಾಕಿದ ಮೇಲೂ ಹೀಗೇ ಆದರೆ ಅರ್ಥ್ ನೋಡಿ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಬಾಡಿಗೂ ಅದಕ್ಕೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದಿರುತ್ತದೆ. ಉಪ್ಪುಗಾಳಿಗೆ ಮೊದಲು ಬಲಿಯಾಗುವುದು ಅದರ ಬೋಲ್ಟಿನ ಬುಡ. ಮೇಲೆ ಬಣ್ಣ ಬಳಿದು ಚಂದ ಕಾಣಿಸಿದರೂ ಅಡಿಯಲ್ಲಿ ತುಕ್ಕು. ಆಗ ಸೆಲ್ಫಿನ ನೂರಾರು ಆಂಪಿಯರ್ ಕರೆಂಟು ಬೇರೆ ದಾರಿ ಹುಡುಕುತ್ತದೆ, ಸಾಮಾನ್ಯವಾಗಿ ಚೋಕ್ ಅಥವಾ ಆಕ್ಸಿಲರೇಟರ್ ಕೇಬಲ್ಲಿನ ಮೂಲಕ. ಸೆಲ್ಫ್ ಹೊಡೆದ ಬಳಿಕ ಚೋಕ್ ಗುಂಡಿ ಮುಟ್ಟಿ ನೋಡಿ. ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ, ಕಾಯಿಲೆ ಅರ್ಥಿನದ್ದೇ. ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದರೆ ಮುಗಿಯಿತು. ಇದಕ್ಕೆ ಪಾರ್ಟ್ಸ್ ಅಂಗಡಿಯ ಬಿಲ್ಲು ಇಲ್ಲ, ಹಾಗಾಗಿ ಸಲಹೆ ಕೊಡುವವರೂ ಕಡಿಮೆ.

ಮುಂದಿನದು ಡಿಸ್ಟ್ರಿಬ್ಯೂಟರ್. ಕರಾವಳಿಯ ಕೋಲ್ಡ್ ಸ್ಟಾರ್ಟ್ ಕಥೆಯ ಬಹುಪಾಲು ಈ ಮುಷ್ಟಿಗಾತ್ರದ ಕರಿ ಮುಚ್ಚಳದ ಒಳಗೇ ನಡೆಯುತ್ತದೆ. ರಾತ್ರಿಯ ತೇವ ಕ್ಯಾಪಿನ ಒಳಮೈಯಲ್ಲಿ ಬೆವರಿನಂತೆ ಕೂರುತ್ತದೆ. ಪ್ಲಗ್ಗಿಗೆ ಹೋಗಬೇಕಾದ ಸಾವಿರಾರು ವೋಲ್ಟು ಆ ತೇವದ ಮೇಲೆ ಹರಿದು ಪಕ್ಕದ ಕಂಬಕ್ಕೋ ಬಾಡಿಗೋ ಸೇರುತ್ತದೆ. ಹಳೆಯ ಟ್ಯಾಕ್ಸಿ ಚಾಲಕರು ಆಷಾಢದ ಬೆಳಗಿನಲ್ಲಿ ಮೊದಲು ಕ್ಯಾಪ್ ಬಿಚ್ಚಿ, ಒಣಬಟ್ಟೆಯಿಂದ ಒರೆಸಿ, ಆಮೇಲೆ ಕೀ ತಿರುಗಿಸುತ್ತಿದ್ದರು. ಅದರ ಹಿಂದೆ ವಿಜ್ಞಾನವೇ ಇತ್ತು. ಕರೆಂಟು ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಹರಿದರೆ ಕ್ಯಾಪಿನಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಕರಿ ಗೆರೆ ಮೂಡುತ್ತದೆ. ಆ ಗೆರೆ ಇಂಗಾಲದ್ದು, ಒರೆಸಿದರೆ ಹೋಗುವುದಿಲ್ಲ, ಕ್ಯಾಪ್ ಬದಲಿಸಬೇಕು. ಪರೀಕ್ಷೆ ಬೇಕಾದರೆ ರಾತ್ರಿ ದೀಪ ಆರಿಸಿ ಇಂಜಿನ್ ಚಾಲೂ ಇಟ್ಟು, ಪ್ಲಗ್ ವೈರುಗಳ ಮೇಲೆ ನೀರನ್ನು ಸಣ್ಣಗೆ ಚಿಮುಕಿಸಿ ನೋಡಿ. ಇನ್ಸುಲೇಷನ್ ಸೋರುವ ಕಡೆ ನೀಲಿ ಕಿಡಿ ಕುಣಿಯುತ್ತದೆ.

ಕ್ಯಾಪಿನ ಕೆಳಗಿರುವ ಪಾಯಿಂಟ್‌ಗಳದ್ದು ಇನ್ನೊಂದು ಬಗೆಯ ಹಟ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ಪಾಯಿಂಟ್ ಮುಖದ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಕಟ್ಟುತ್ತದೆ, ಕರೆಂಟು ದಾಟುವುದಿಲ್ಲ. ಪೆಟ್ರೋಲಿನಲ್ಲಿ ಅದ್ದಿದ ದಪ್ಪ ಕಾಗದದ ಚೂರನ್ನು ನಡುವೆ ಎಳೆದರೆ ಸಾಕು. ಗ್ಯಾಪ್ ಅಂಬಾಸಡರಿನಲ್ಲಿ ಸುಮಾರು 0.4 ಮಿಲಿಮೀಟರ್, ಫೀಲರ್ ಗೇಜಿನ ಎಲೆ ಎಣ್ಣೆ ಸವರಿದಂತೆ ನುಣ್ಣಗೆ ಜಾರಬೇಕು, ಸಡಿಲವಾಗಿ ಅಲ್ಲ. ಪಾಯಿಂಟ್ ನೀಲಿಗಟ್ಟಿ ಬೇಗ ಬೇಗ ಸುಡುತ್ತಿದ್ದರೆ ಕಂಡೆನ್ಸರ್ ಹೋಗಿದೆ. ಡೂಪ್ಲಿಕೇಟ್ ಕಂಡೆನ್ಸರ್, ಡೂಪ್ಲಿಕೇಟ್ ರೋಟರ್ ಇವತ್ತಿನ ದೊಡ್ಡ ಪೀಡೆ. ಹೊಸದು ಹಾಕಿದ್ದೇನಲ್ಲ ಎಂಬ ಧೈರ್ಯದಲ್ಲಿ ಯಾರೂ ಅದನ್ನು ಅನುಮಾನಿಸುವುದಿಲ್ಲ. ಹಳೇ ದಾಸ್ತಾನಿನ ಲೂಕಾಸ್-ಟಿವಿಎಸ್ ಪಾರ್ಟು, ಆಡುಗೋಡಿಯ ಮೈಕೋ ಪ್ಲಗ್ಗು ಸಿಕ್ಕರೆ ಎರಡು ಕಾಸು ಹೆಚ್ಚಾದರೂ ಕೊಂಡಿಟ್ಟುಕೊಳ್ಳಬೇಕು.

ಕಿಡಿ ಸರಿಯಿದೆ ಎಂದು ಖಾತ್ರಿಯಾದ ಮೇಲಷ್ಟೇ ಪೆಟ್ರೋಲಿನ ಮಾತು. ತಣ್ಣಗಿನ ಇಂಜಿನ್ನಿನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗುವುದಿಲ್ಲ. ಅರ್ಧ ಮ್ಯಾನಿಫೋಲ್ಡಿನ ಗೋಡೆಗೇ ಅಂಟುತ್ತದೆ. ಆ ನಷ್ಟ ತುಂಬಲು ಚೋಕ್. ಮೂರು ಕಾರುಗಳಲ್ಲಿ ಅದರ ಕೆಲಸ ಮೂರು ರೀತಿ. ಹಳೆಯ ಅಂಬಾಸಡರಿನ ಎಸ್‌ಯು ಕಾರ್ಬುರೇಟರಿನಲ್ಲಿ ಚೋಕ್ ಎಳೆದರೆ ಜೆಟ್ಟೇ ಕೆಳಗೆ ಜಾರಿ, ಸೂಜಿಯ ಸುತ್ತ ಪೆಟ್ರೋಲಿಗೆ ದಾರಿ ಅಗಲವಾಗುತ್ತದೆ. ಕೇಬಲ್ಲು ತುಕ್ಕು ಹಿಡಿದು ಜೆಟ್ ಅರ್ಧದಲ್ಲೇ ಸಿಕ್ಕಿಕೊಂಡರೆ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ, ಇಲ್ಲವೇ ಇಡೀ ದಿನ ಕಪ್ಪು ಹೊಗೆ. ಮಾರುತಿಯಲ್ಲಿ ಇರುವುದು ಗಾಳಿಯ ದಾರಿಗೆ ಅಡ್ಡ ಬರುವ ರೆಕ್ಕೆ. ಪದ್ಮಿನಿಯ ಸೋಲೆಕ್ಸ್‌ನಲ್ಲಿ ಇವೆರಡೂ ಇಲ್ಲ. ಅದರ ಬದಿಗೆ ಸ್ಟಾರ್ಟಿಂಗಿಗೆಂದೇ ಪ್ರತ್ಯೇಕ ಪುಟ್ಟ ಏರ್ಪಾಡಿದೆ, ಅದಕ್ಕೆ ತನ್ನದೇ ಜೆಟ್. ಥ್ರಾಟಲ್ ಮುಚ್ಚಿದ್ದಾಗ ಕೆಳಗೆ ಹುಟ್ಟುವ ಎಳೆತದಿಂದಲೇ ಅದು ಪೆಟ್ರೋಲ್ ಹೀರುವುದು. ಹಾಗಾಗಿ ಚೋಕ್ ಎಳೆದು ಆಕ್ಸಿಲರೇಟರ್ ತುಳಿದರೆ ಆ ಎಳೆತವೇ ಸತ್ತು ಕಾರು ಹಿಡಿಯುವುದಿಲ್ಲ. ಪದ್ಮಿನಿ ಕೊಂಡ ಹೊಸಬರು ಬೆಳಿಗ್ಗೆ ಪಡುವ ಪಾಡಿನಲ್ಲಿ ಒಂದು ಭಾಗ ಇಷ್ಟೇ: ಚೋಕ್ ಪೂರ್ತಿ ಎಳೆಯಿರಿ, ಬಲಗಾಲು ಎತ್ತಿಡಿ, ಸೆಲ್ಫ್ ಹೊಡೆಯಿರಿ. ಅಂಬಾಸಡರಿನಿಂದ ಪದ್ಮಿನಿಗೆ ಬಂದವರಿಗೆ ಈ ಅಭ್ಯಾಸ ಬರಲು ವಾರ ಬೇಕು.

ವಾರಗಟ್ಟಲೆ ನಿಂತ ಕಾರಿನಲ್ಲಿ ಫ್ಲೋಟ್ ಚೇಂಬರಿನ ಪೆಟ್ರೋಲ್ ಆರಿಹೋಗಿರುತ್ತದೆ. ಮೆಕ್ಯಾನಿಕಲ್ ಪಂಪು ಟ್ಯಾಂಕಿನಿಂದ ಅದನ್ನು ಎಳೆದು ತುಂಬುವ ಹೊತ್ತಿಗೆ ಬ್ಯಾಟರಿ ಸುಸ್ತು. ಹಲವು ಪಂಪುಗಳಲ್ಲಿ ಕೈಯಿಂದ ಆಡಿಸುವ ಸಣ್ಣ ಲಿವರ್ ಇದೆ. ಅದನ್ನು ಹತ್ತು ಸಲ ಒತ್ತುವುದು ಸೆಲ್ಫಿನ ಮೇಲೆ ಮಾಡುವ ದೊಡ್ಡ ಉಪಕಾರ.

ಇನ್ನು ಇ20. 2023ರ ಫೆಬ್ರವರಿಯಲ್ಲಿ ಆಯ್ದ ಬಂಕುಗಳಲ್ಲಿ ಶುರುವಾದ, ಈಗ ಎಲ್ಲೆಡೆ ಸಿಗುವ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಬಗ್ಗೆ ಹಳೇ ಕಾರಿನವರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಎಲ್ಲ ರೋಗಕ್ಕೂ ಅದೇ ಕಾರಣ. ಇನ್ನೊಂದಕ್ಕೆ ಎಲ್ಲವೂ ಕಟ್ಟುಕತೆ. ಲೆಕ್ಕ ಎರಡರ ನಡುವೆ ಇದೆ. ಶುದ್ಧ ಪೆಟ್ರೋಲಿನ ಒಂದು ಪಾಲು ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಎಥೆನಾಲಿಗೆ 9 ಸಾಕು, ಇ20ಗೆ ಸುಮಾರು 13.5. ಕಾರ್ಬುರೇಟರಿನ ಜೆಟ್ಟಿಗೆ ಈ ಬದಲಾವಣೆ ಗೊತ್ತಾಗುವುದಿಲ್ಲ. ಅದು ಹಳೆಯ ಅಳತೆಯಲ್ಲೇ ಸುರಿಯುತ್ತದೆ. ಪರಿಣಾಮವಾಗಿ ಮಿಶ್ರಣ ತೆಳುವಾಗುತ್ತದೆ, ಮತ್ತು ತೆಳುವಾದ ಮಿಶ್ರಣ ಮೊದಲು ಕೈಕೊಡುವುದೇ ಕೋಲ್ಡ್ ಸ್ಟಾರ್ಟಿನಲ್ಲಿ ಮತ್ತು ಸ್ಲೋದಲ್ಲಿ, ಅಂದರೆ ಐಡಲಿಂಗಿನಲ್ಲಿ. ಆವಿಯಾಗಲು ಎಥೆನಾಲ್ ಪೆಟ್ರೋಲಿನ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಡುವುದರಿಂದ ಬೆಳಗಿನ ಹಟ ಇನ್ನಷ್ಟು. ಇದಕ್ಕೆ ಸ್ಲೋ ಜೆಟ್ ಒಂದು ಅಳತೆ ದೊಡ್ಡದು, ಮಿಕ್ಸ್‌ಚರ್ ಸ್ಕ್ರೂ ಕಾಲುಸುತ್ತು ಹೊರಗೆ, ಅಷ್ಟರಲ್ಲಿ ಹೊಂದಿಸಬಹುದು. ಹೊಂದಿಸಲಾಗದ್ದು ರಬ್ಬರ್. ಹಳೆಯ ಪೈಪು, ಪಂಪಿನ ಡಯಾಫ್ರಂ, ಕಾರ್ಕ್ ಪ್ಯಾಕಿಂಗ್ ಎಥೆನಾಲಿಗೆ ಊದಿ, ಮೆತ್ತಗಾಗಿ, ಸೀಳುತ್ತವೆ. ಇದರ ಜೊತೆಗೆ ಎಥೆನಾಲ್ ತೇವ ಹೀರುತ್ತದೆ. ಅರ್ಧ ಖಾಲಿ ಟ್ಯಾಂಕಿನೊಂದಿಗೆ ಮಳೆಗಾಲ ಪೂರ್ತಿ ನಿಂತ ಕಾರಿನಲ್ಲಿ ನೀರು ಸೇರುತ್ತಾ ಹೋಗಿ ಒಂದು ಹಂತದಲ್ಲಿ ನೀರು ಮತ್ತು ಎಥೆನಾಲ್ ಬೇರ್ಪಟ್ಟು ತಳಕ್ಕೆ ಕೂರುತ್ತವೆ. ಪೆಟ್ರೋಲ್ ಪೈಪು ಎಳೆಯುವುದೂ ತಳದಿಂದಲೇ. ಟ್ಯಾಂಕಿನ ಕೆಳಗಿನ ಬಿರಡೆ ಬಿಚ್ಚಿ ಗಾಜಿನ ಬಾಟಲಿಗೆ ಒಂದಿಷ್ಟು ಹಿಡಿದು ಅರ್ಧ ಗಂಟೆ ಬಿಟ್ಟರೆ ಗೆರೆ ತಾನೇ ಕಾಣುತ್ತದೆ.

ಐಡಲಿಂಗ್, ಅಂದರೆ ನಮ್ಮ ಗ್ಯಾರೇಜುಗಳ 'ಸ್ಲೋ', ಕೋಲ್ಡ್ ಸ್ಟಾರ್ಟಿಗಿಂತ ಜಟಿಲ. ಹೊಸದಾಗಿ ಕೊಂಡ ಹಳೇ ಕಾರಿನ ಸ್ಲೋ ಸ್ಕ್ರೂ ಆ ಕಾರಿನ ಹಿಂದಿನ ಯಜಮಾನರೆಲ್ಲರ ಗುಟ್ಟು. ಪ್ರತಿಯೊಬ್ಬರೂ ಬೇರೆಲ್ಲೋ ಇದ್ದ ದೋಷವನ್ನು ಮುಚ್ಚಲು ಅದನ್ನು ಅಷ್ಟಷ್ಟು ತಿರುಗಿಸಿರುತ್ತಾರೆ. ಮಾರುವವನು ಕೊನೆಯ ಸುತ್ತು ಕೊಟ್ಟು ನಿಮಿಷಕ್ಕೆ ಸಾವಿರದಿನ್ನೂರು ಸುತ್ತಿಗೆ ಏರಿಸಿ, 'ನೋಡಿ, ಎಷ್ಟು ಸ್ಮೂತ್' ಎನ್ನುತ್ತಾನೆ. ಸುಮಾರು ಏಳು ನೂರಕ್ಕೆ ಇಳಿಸಿದರೆ ಬಣ್ಣ ಬಯಲು.

ಸ್ಲೋದಲ್ಲಿ ಥ್ರಾಟಲ್ ಬಹುಪಾಲು ಮುಚ್ಚಿರುವುದರಿಂದ ಮ್ಯಾನಿಫೋಲ್ಡಿನಲ್ಲಿ ಎಳೆತ ಅತಿ ಹೆಚ್ಚು. ಆರೋಗ್ಯವಂತ ಇಂಜಿನ್ನಿನಲ್ಲಿ ವ್ಯಾಕ್ಯೂಮ್ ಗೇಜು ಪಾದರಸದ 17ರಿಂದ 21 ಇಂಚು ತೋರಿಸುತ್ತದೆ. ಈ ಹೊತ್ತಿನಲ್ಲಿ ಎಲ್ಲಿಂದಾದರೂ ಸೂಜಿಮೊನೆಯಷ್ಟು ತೂತಿನಿಂದ ಏರ್ ಹಿಡಿದರೂ ಇಂಜಿನ್ ತಡವರಿಸುತ್ತದೆ. ವೇಗದಲ್ಲಿ ಅದೇ ತೂತು ಲೆಕ್ಕಕ್ಕಿಲ್ಲ. 'ಹೈವೇಲಿ ಬಂಗಾರ, ಅಂಕೋಲೆ ಪೇಟೆ ಒಳಗೆ ಬಂದ್ರೆ ಬಂದ್ ಬೀಳ್ತದೆ' ಎಂಬ ದೂರು ಕೇಳಿದರೆ ಅರ್ಧ ರೋಗಪತ್ತೆ ಆದಂತೆ. ಮ್ಯಾನಿಫೋಲ್ಡ್ ಪ್ಯಾಕಿಂಗ್, ಕಾರ್ಬುರೇಟರಿನ ಬುಡ, ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪು: ಒಂದೊಂದರ ಮೇಲೂ ನೀರು ಚಿಮುಕಿಸಿ ಇಂಜಿನ್ನಿನ ಸದ್ದು ಬದಲಾಗುವುದೇ ಎಂದು ಕಿವಿಗೊಡಿ. ಕಾರ್ಬ್ ಕ್ಲೀನರ್ ಸಿಂಪಡಿಸುವವರೂ ಇದ್ದಾರೆ. ಕಾದ ಸೈಲೆನ್ಸರ್ ಪೈಪಿನ ಪಕ್ಕದಲ್ಲಿ ಆ ಸಾಹಸ ಬೇಡ. ಡಿಸ್ಟ್ರಿಬ್ಯೂಟರ್ ಡಯಾಫ್ರಂ ನೋಡಲು ಪೈಪಿನ ತುದಿಯನ್ನು ಬಾಯಿಂದ ಹೀರಿ ನಾಲಿಗೆ ಒತ್ತಿಹಿಡಿದರೆ ಸಾಕು: ಎಳೆತ ನಿಂತರೆ ಸರಿ, ಗಾಳಿ ಬರುತ್ತಲೇ ಇದ್ದರೆ ಹರಿದಿದೆ.

ಇಷ್ಟೆಲ್ಲ ಮುಚ್ಚಿದ ಮೇಲೂ ಏರ್ ಹಿಡಿಯುತ್ತಿದ್ದರೆ ಥ್ರಾಟಲ್ ಶಾಫ್ಟ್ ಹಿಡಿದು ಅಲ್ಲಾಡಿಸಿ. ನಲವತ್ತು ವರ್ಷ ತಿರುಗಿದ ಶಾಫ್ಟು ತನ್ನ ತೂತನ್ನು ಮೊಟ್ಟೆಯಾಕಾರಕ್ಕೆ ಸವೆಸಿರುತ್ತದೆ. ಪೇಟೆಯಲ್ಲಿ ಸಿಗುವ ಕಿಟ್ಟಿನಲ್ಲಿ ಜೆಟ್, ಪ್ಯಾಕಿಂಗ್, ನೀಡಲ್ ಎಲ್ಲ ಇದೆ, ಈ ಸವೆತಕ್ಕೆ ಮದ್ದಿಲ್ಲ. ಲೇತಿನವರ ಹತ್ತಿರ ಹಿತ್ತಾಳೆಯ ಬುಷ್ ಕೂರಿಸಬೇಕು. ಕಿಟ್ ಮೇಲೆ ಕಿಟ್ ಹಾಕಿ ಸೋತವರು ಎಷ್ಟೋ ಜನ.

ಸ್ಲೋ ಜೆಟ್ಟಿನ ರಂಧ್ರ ಅರ್ಧ ಮಿಲಿಮೀಟರಿನ ಆಸುಪಾಸು. ಟ್ಯಾಂಕಿನ ತುಕ್ಕಿನ ಒಂದು ಕಣ ಸಾಕು. ಅದನ್ನು ತಂತಿಯಿಂದ ಚುಚ್ಚಬಾರದು. ಹಿತ್ತಾಳೆ ಮೆತ್ತಗೆ, ರಂಧ್ರ ಅಗಲವಾದರೆ ಆ ಜೆಟ್ ಮುಗಿಯಿತು. ಗಾಳಿ ಹೊಡೆಸಿ, ಅಷ್ಟೆ. ಗಂಗಾವಳಿ ನದಿ 2019ರಲ್ಲೂ 2021ರಲ್ಲೂ ಉಕ್ಕಿ ದಡದ ಊರುಗಳಿಗೆ ನುಗ್ಗಿದ್ದು ನೆನಪಿರಲಿ. ಈ ಭಾಗದಲ್ಲೇ ಕೊಂಡ ಕಾರಾದರೆ ಟ್ಯಾಂಕು, ಡೈನಮೋ, ಸೀಟಿನಡಿಯ ಕೆಸರಿನ ಗೆರೆ ಎಲ್ಲವನ್ನೂ ಆ ಅನುಮಾನದಿಂದಲೇ ನೋಡಬೇಕು.

ಟ್ಯಾಪೆಟ್ ಬಗ್ಗೆ ನಮ್ಮವರ ಪ್ರೀತಿ ವಿಚಿತ್ರ. ಸದ್ದಿಲ್ಲದ ಟ್ಯಾಪೆಟ್ ಒಳ್ಳೆಯದೆಂಬ ನಂಬಿಕೆ. ವಾಸ್ತವದಲ್ಲಿ ಸಣ್ಣಗೆ ಟಿಕ್ ಟಿಕ್ ಎನ್ನುವ ಟ್ಯಾಪೆಟ್ಟೇ ಕ್ಷೇಮ. ಅಂಬಾಸಡರಿನ ಹಳೆಯ ಇಂಜಿನ್ನಿಗೆ 0.015 ಇಂಚು ಗ್ಯಾಪ್ ಇರಬೇಕು. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಹಳೆಯ ಎರಕದ ಹೆಡ್ಡುಗಳ ವಾಲ್ವ್ ಸೀಟಿಗೆ ಆ ಸೀಸವೇ ಒಂದು ರೀತಿಯ ಕಾಪು. ಅದು ಹೋದ ಮೇಲೆ ಎಗ್ಸಾಸ್ಟ್ ವಾಲ್ವ್ ಸೀಟಿನೊಳಗೆ ಇಷ್ಟಿಷ್ಟೇ ಇಳಿಯುತ್ತಾ ಗ್ಯಾಪ್ ತಾನಾಗಿ ಮುಚ್ಚಿಕೊಳ್ಳುತ್ತದೆ, ಸದ್ದು ಕಡಿಮೆಯಾಗುತ್ತದೆ, ಯಜಮಾನ ಖುಷಿಪಡುತ್ತಾನೆ. ಕೊನೆಗೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರಿ, ಬೆಳಗಿನ ಸ್ಟಾರ್ಟಿಂಗೂ ಸ್ಲೋವೂ ಒಟ್ಟಿಗೇ ಕೆಡುತ್ತವೆ. ಇಂಥ ಇಂಜಿನ್ನಿನಲ್ಲಿ ಕಾರ್ಬುರೇಟರನ್ನು ನೂರು ಸಲ ತೊಳೆದರೂ ಫಲವಿಲ್ಲ.

ರೋಗಪತ್ತೆಯ ಒಂದು ಉಪಕರಣ ಪ್ರತಿ ಊರಲ್ಲೂ ಇದ್ದು, ಯಾರೂ ಬಳಸಿಕೊಳ್ಳುವುದಿಲ್ಲ: ಎಮಿಷನ್ ಟೆಸ್ಟ್ ಕೇಂದ್ರದ ಗ್ಯಾಸ್ ಮಾಪಕ. ಈ ವಯಸ್ಸಿನ ಪೆಟ್ರೋಲ್ ಕಾರುಗಳಿಗೆ ಸ್ಲೋದಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3, ಹೈಡ್ರೋಕಾರ್ಬನ್ 1500 ಪಿಪಿಎಂ ಮಿತಿ. ಸರ್ಟಿಫಿಕೇಟಿನಲ್ಲಿ ಪಾಸು ಫೇಲು ನೋಡಿ ಜೇಬಿಗಿಡುವ ಬದಲು ಅಂಕಿ ಓದಿ. ಮಾನಾಕ್ಸೈಡ್ ಆರೇಳಕ್ಕೆ ಏರಿದ್ದರೆ ಪೆಟ್ರೋಲ್ ಹೆಚ್ಚಾಗಿದೆ: ಚೋಕ್ ಪೂರ್ತಿ ಮರಳುತ್ತಿಲ್ಲ, ಇಲ್ಲವೇ ಫ್ಲೋಟ್ ತೂತಾಗಿ ಮುಳುಗಿದೆ. ಮಾನಾಕ್ಸೈಡ್ ಒಂದಕ್ಕೂ ಕೆಳಗೆ, ಹೈಡ್ರೋಕಾರ್ಬನ್ ಮಾತ್ರ ಮೇಲೆ ಎಂದರೆ ಮಿಶ್ರಣ ತೆಳುವಾಗಿ ಉರಿಯದೆ ಹೊರಬೀಳುತ್ತಿದೆ, ಏರ್ ಹಿಡಿಯುವ ಜಾಗ ಹುಡುಕಿ. ಮಾನಾಕ್ಸೈಡ್ ಸರಿಯಿದ್ದು ಹೈಡ್ರೋಕಾರ್ಬನ್ ಏರಿದ್ದರೆ ಒಂದು ಪ್ಲಗ್ ಮಿಸ್ಸಿಂಗ್, ಇಲ್ಲವೇ ವಾಲ್ವ್ ಸೋರಿಕೆ. ಅನುಭವಿ ಕಿವಿ ಒಂದು ತಾಸಿನಲ್ಲಿ ಹೇಳುವುದನ್ನು ಆ ಯಂತ್ರ ಎರಡು ನಿಮಿಷದಲ್ಲಿ ಹೇಳುತ್ತದೆ.

ಅರಬೈಲ್ ಘಟ್ಟದಲ್ಲಿ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳುವಾಗ ನಿಂತುಹೋಗುವ ಕಾರಿನ ಕತೆ ಬೇರೆ. ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪಂಪು ಎಳೆಯುವುದನ್ನು ಬಿಡುತ್ತದೆ. ಪಂಪಿಗೆ ಒದ್ದೆ ಬಟ್ಟೆ ಸುತ್ತುವ ಹಳೆಯ ಉಪಾಯ ಇಂದಿಗೂ ನಡೆಯುತ್ತದೆ. ಕೋಲ್ಡ್ ಸ್ಟಾರ್ಟ್ ದೋಷದೊಂದಿಗೆ ಇದನ್ನು ಕಲಸಬಾರದು, ಅಷ್ಟೆ.

ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವುದು ಸರಿಯೇ? ದಿನಾ ಓಡಿಸುವವರಿಗೆ ಖಂಡಿತ ಸರಿ. ತೇವದ ಊರಿನಲ್ಲಿ ಪಾಯಿಂಟಿನ ಕಾಟ ಕಡಿಮೆಯಾಗುತ್ತದೆ. ಕ್ಯಾಪ್, ರೋಟರ್ ಮಾತ್ರ ಹಾಗೇ ಉಳಿಯುತ್ತವೆ, ಅವುಗಳ ತೇವವೂ. ಹಳೆಯ ಪಾಯಿಂಟ್ ಸೆಟ್ಟನ್ನು ಡಿಕ್ಕಿಯಲ್ಲಿ ಇಟ್ಟುಕೊಂಡೇ ಓಡಾಡಬೇಕು, ಏಕೆಂದರೆ ಮಾಡ್ಯೂಲ್ ಸುಂಕಸಾಳದ ಹತ್ತಿರ ಕೈಕೊಟ್ಟರೆ ಅಲ್ಲಿ ರಿಪೇರಿ ಇಲ್ಲ. ಬೇರೆ ಕಾರಿನ ಕಾರ್ಬುರೇಟರ್ ತಂದು ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಮೂಲ ದೋಷ ಎಲ್ಲಿದೆ ಎಂದು ಹುಡುಕದೆ ಇನ್ನೊಂದು ದೋಷವನ್ನು ಅದರ ಮೇಲೆ ಕಟ್ಟಿದಂತಾಗುತ್ತದೆ.

ಕಾಗದಪತ್ರದ ಮಾತನ್ನು ಚುಟುಕಾಗಿ ಹೇಳುವೆ. ಗೋವಾದಿಂದ ತಂದ ಕಾರಾದರೆ ಅಲ್ಲಿಯ ಎನ್‌ಒಸಿ, ಇಲ್ಲಿಯ ತೆರಿಗೆ, ಕಾರವಾರದಲ್ಲಿ ಕೆಎ-30ರ ನಂಬರು. ಹದಿನೈದು ವರ್ಷ ದಾಟಿದ ಕಾರಿನ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಇತ್ತು. 2025ರ ಆಗಸ್ಟಿನ ತಿದ್ದುಪಡಿ ಇಪ್ಪತ್ತು ದಾಟಿದವಕ್ಕೆ ಅದನ್ನು 10,000ಕ್ಕೆ ಏರಿಸಿತು. ಐವತ್ತು ದಾಟಿದ ಕಾರಿಗೆ 2021ರ ಜುಲೈ ನಿಯಮದಂತೆ 'ವಿಎ' ಸರಣಿಯ ವಿಂಟೇಜ್ ನಂಬರು ಪಡೆಯಬಹುದು. ಆ ನಂಬರಿನಲ್ಲಿ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ, ಅಷ್ಟಕ್ಕೇ. ಹಳೇ ಕಾರು ಕೆಡುವುದು ನಿಂತಾಗಲೇ ಎಂದು ಬಲ್ಲವರು ಈ ನಂಬರು ಬೇಕೋ ಬೇಡವೋ ಎಂದು ಎರಡು ಸಲ ಯೋಚಿಸಲಿ.

ಇನ್ನೂ ಕೊಂಡಿಲ್ಲವಾದರೆ ಮಳೆಗಾಲದಲ್ಲೇ, ಬೆಳಿಗ್ಗೆ ಬೇಗ, ಹೇಳದೆ ಕೇಳದೆ ನೋಡಲು ಹೋಗಿ. ಮಾತಿಗೆ ಮುಂಚೆ ರೇಡಿಯೇಟರಿನ ಮೇಲೆ ಕೈಯಿಡಿ. ಬಿಸಿಯಿದ್ದರೆ, ನೀವು ಬರುವ ಸುಳಿವು ಸಿಕ್ಕಿ ಒಂದು ಸುತ್ತು ಓಡಿಸಿ ನಿಲ್ಲಿಸಿದ್ದಾರೆ. ಚಹ ಕುಡಿದು, ಹರಟೆ ಹೊಡೆದು, ಅದು ಪೂರ್ತಿ ಆರುವವರೆಗೆ ಕೂತಿರಿ. ಮಾರುವವರಿಗೆ ಬೇಸರವಾದರೆ ಆಗಲಿ.